ಚುಕ್ಕಿಗಳಲ್ಲಿ ಎದ್ದ ಕೆಥೆಡ್ರಲ್

ಗುಡ್ಡ ಹತ್ತುವ ಪುಟ್ಟ ಟ್ರಾಮಿನ ಕಿಟಕಿಯಲ್ಲಿ ಲಾಸ್ ಏಂಜಲೀಸ್ ಇಷ್ಟಿಷ್ಟೇ ಬಿಚ್ಚಿಕೊಳ್ಳುತ್ತಿದೆ. ಕೆಳಗೆ ಹೆದ್ದಾರಿಯ ನಿಲ್ಲದ ಮೊರೆತ. ಮೇಲೆ ಗೆಟ್ಟಿ ಸೆಂಟರ್ ಮ್ಯೂಸಿಯಮ್ಮಿನ ಟ್ರಾವರ್ಟೀನ್ ಕಲ್ಲಿನ ಗೋಡೆಗಳು ಬೆಳಗಿನ ಬಿಸಿಲಿಗೆ ಕಣ್ಣು ಕೋರೈಸುತ್ತಿವೆ. ಪಕ್ಕದಲ್ಲಿ, ಈ ಊರಲ್ಲೇ ಓದುತ್ತಿರುವ ಅಕ್ಕನ ಮಗಳು. "ಮಾಮ, ಮೊದಲು ಮೊನೆ, ಆಮೇಲೆ ಲಿಕ್ಟೆನ್‌ಸ್ಟೈನ್. ಉಲ್ಟಾ ಮಾಡಿದ್ರೆ ಮಜಾ ಇರಲ್ಲ," ಎಂದು ಇವತ್ತಿನ ತಿರುಗಾಟವನ್ನು ಅವಳೇ ಗೊತ್ತುಮಾಡಿದ್ದಾಳೆ. ಫ್ರಾನ್ಸಿನ ರೂಆನ್ ಪಟ್ಟಣದ ಒಂದೇ ಕೆಥೆಡ್ರಲ್ಲನ್ನು ಸುಮಾರು 75 ವರ್ಷಗಳ ಅಂತರದಲ್ಲಿ ಈ ಇಬ್ಬರು ಚಿತ್ರಕಾರರು ಬರೆದರು. ಎರಡನ್ನೂ ಒಂದೇ ಹಗಲಿನಲ್ಲಿ ನೋಡುವ ಆಸೆ ನಮ್ಮದು.

ಅಗೋ, ಮೊನೆ! ಚಿತ್ರ ಚಿಕ್ಕದು, ಎತ್ತರ ಹೆಚ್ಚುಕಡಿಮೆ ಒಂದು ಮೀಟರ್. ಕೆಥೆಡ್ರಲ್ಲಿನ ಬಾಗಿಲುಗಳು ಇನ್ನೂ ನೀಲಿ ನೆರಳಿನಲ್ಲಿ ನಿದ್ದೆಗಣ್ಣಲ್ಲಿವೆ; ಮೇಲಿನ ಗೋಪುರಕ್ಕೆ ಮಾತ್ರ ಎಳೆಬಿಸಿಲು ತಾಗಿ ಹೊಂಬಣ್ಣ ಏರಿದೆ. ಬಗ್ಗಿ ಹತ್ತಿರದಿಂದ ನೋಡುತ್ತೇನೆ. ಕಲ್ಲು ಮಾಯ, ಕೆತ್ತನೆ ಮಾಯ! ಪದರದ ಮೇಲೆ ಪದರ ಕಟ್ಟಿ ಒಣಗಿದ ಬಣ್ಣ, ಅದರ ತರಿತರಿ ಮೈ ಮಾತ್ರ. ಒಂದು ಕಡೆ ನೇರಳೆಯ ಗೀಟು ಹಳದಿಯೊಳಗೆ ನುಗ್ಗಿ ನಿಂತಿದೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಅದೇ ಗೀಟು ಕಮಾನಿನ ಅಂಚು.

1892ರಲ್ಲಿ, ಮತ್ತೆ 1893ರಲ್ಲಿ, ಮೊನೆ ಕೆಥೆಡ್ರಲ್ಲಿನ ಎದುರು ಕೋಣೆ ಹಿಡಿದು ಕಿಟಕಿಯಿಂದ ಇದನ್ನು ಬರೆದ. ಬಿಸಿಲು ಸರಿದಂತೆ ಒಂದು ಕ್ಯಾನ್ವಾಸ್ ಬದಿಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದ. ಮೂವತ್ತಕ್ಕೂ ಹೆಚ್ಚು ಚಿತ್ರಗಳಾದವು. 1895ರಲ್ಲಿ ಪ್ಯಾರಿಸ್ಸಿನ ಗ್ಯಾಲರಿಯಲ್ಲಿ ಅವುಗಳಲ್ಲಿ ಇಪ್ಪತ್ತನ್ನು ಒಟ್ಟಿಗೆ ತೂಗುಹಾಕಿದ್ದರು. ಕೆಥೆಡ್ರಲ್ ತನ್ನ ಮೈಮೇಲೆ ಕುಸಿದು ಬೀಳುವಂತೆ ಕನಸು ಬಿತ್ತು, ಅದು ನೀಲಿಯಾಗಿ, ಗುಲಾಬಿಯಾಗಿ, ಹಳದಿಯಾಗಿ ಕಂಡಿತು ಎಂದು ಮೊನೆ ಒಂದು ಪತ್ರದಲ್ಲಿ ಬರೆದಿದ್ದಾನೆ. ಆ ಕನಸಿನ ಬಣ್ಣಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಕಾರು, ಹೆದ್ದಾರಿ, ಇನ್ನೊಂದು ಹೆದ್ದಾರಿ. ಗ್ರ್ಯಾಂಡ್ ಅವೆನ್ಯೂಗೆ ಬಂದಾಗ ನಡುಹಗಲು. ವಾಲ್ಟ್ ಡಿಸ್ನಿ ಕನ್ಸರ್ಟ್ ಹಾಲಿನ ಉಕ್ಕಿನ ತಿರುವುಗಳಿಂದ ಬಿಸಿಲು ಜಾರಿ ರಸ್ತೆಗೆ ಬೀಳುತ್ತಿದೆ. ಅದರ ಪಕ್ಕದಲ್ಲೇ, 2015ರಲ್ಲಿ ಬಾಗಿಲು ತೆರೆದ ದ ಬ್ರಾಡ್ ಮ್ಯೂಸಿಯಂ, ತೂತುತೂತಿನ ಬಿಳಿ ಮುಸುಕು ಹೊದ್ದು ನಿಂತಿದೆ. ಒಳಗೆ ಬೂದುಬಣ್ಣದ ಮಬ್ಬು. ಉದ್ದನೆಯ ಎಸ್ಕಲೇಟರ್ ಸುರಂಗದೊಳಗೆ ಹಾಯಿಸಿ ಮೂರನೇ ಮಹಡಿಗೆ ತಂದು ಬಿಡುತ್ತದೆ. ಮಾಡಿನಿಂದ ಬೆಳಕೋ ಬೆಳಕು!

ಮೂರು ಕ್ಯಾನ್ವಾಸ್, ಒಂದೊಂದೂ ಆಳೆತ್ತರ. ರಾಯ್ ಲಿಕ್ಟೆನ್‌ಸ್ಟೈನ್ 1968-69ರಲ್ಲಿ ಮಾಡಿದ್ದು. ದಿನದ ಮೂರು ಹೊತ್ತಿನಲ್ಲಿ ಕಂಡ ರೂಆನ್ ಕೆಥೆಡ್ರಲ್ ಎಂದೇ ಹೆಸರು. ಆದರೆ ಕೆಥೆಡ್ರಲ್ ಎಲ್ಲಿ? ಹತ್ತಿರಕ್ಕೆ ಹೋದಷ್ಟೂ ಚುಕ್ಕಿ, ಬರೀ ಚುಕ್ಕಿ. ಒಂದು ಬಣ್ಣದ ಚುಕ್ಕಿಯ ಮೇಲೆ ಇನ್ನೊಂದು ಬಣ್ಣದ್ದು, ಕೆಲವೆಡೆ ಅಂಚಿಗೆ ಅಂಚು ತಾಗಿ, ಕೆಲವೆಡೆ ಅರ್ಧ ಮುಚ್ಚಿ. ಹಳೆಯ ವಾರಪತ್ರಿಕೆಯ ಬಣ್ಣದ ಪುಟವನ್ನು ಭೂತಗನ್ನಡಿಯಲ್ಲಿ ಹಿಡಿದಂತಿದೆ. ಕುಂಚ ಹರಿದ ಗುರುತೇ ಇಲ್ಲ. ತೂತುಗಳಿರುವ ಅಚ್ಚಿನ ಮೂಲಕ ಬಣ್ಣ ಇಳಿಸುವ ಕ್ರಮ ಅದು.

ಅಲ್ಲೇ ನಿಂತಿದ್ದ ಮ್ಯೂಸಿಯಮ್ಮಿನ ಹುಡುಗಿ ನಗುತ್ತ ಬಂದು, "ಆ ಗೋಡೆಯವರೆಗೂ ಹಿಂದೆ ಹೋಗಿ. ಆಮೇಲೆ ಫೋನಿನಲ್ಲಿ ನೋಡಿ," ಎನ್ನುತ್ತಾಳೆ. ಹೋಗುತ್ತೇನೆ. ಫೋನಿನ ಪರದೆಯಲ್ಲಿ ಚುಕ್ಕಿಗಳೆಲ್ಲ ಒತ್ತೊತ್ತಾಗಿ ಸೇರಿಕೊಂಡು, ಇದ್ದಕ್ಕಿದ್ದಂತೆ ಬಾಗಿಲು, ಕಮಾನು, ಗೋಪುರ! ಅಕ್ಕನ ಮಗಳು ಚಪ್ಪಾಳೆ ತಟ್ಟಿಬಿಟ್ಟಳು.

ಈ ಚಿತ್ರಗಳ ಬೀಜ ಬಿದ್ದದ್ದೂ ಇಲ್ಲಿಗೆ ಹತ್ತಿರದಲ್ಲೇ. 1968ರಲ್ಲಿ ಪಕ್ಕದ ಪಸಾಡಿನಾದ ಮ್ಯೂಸಿಯಮ್ಮಿನಲ್ಲಿ ಜಾನ್ ಕೊಪ್ಲನ್ಸ್ ಸರಣಿ ಚಿತ್ರಗಳ ಪ್ರದರ್ಶನವೊಂದನ್ನು ಏರ್ಪಡಿಸಿದ್ದರು. ಮೊನೆಯ ಸರಣಿಗಳು ಲಿಕ್ಟೆನ್‌ಸ್ಟೈನ್ ತಲೆ ಹೊಕ್ಕದ್ದು ಆಗ. ಮರುವರ್ಷ ಲಾಸ್ ಏಂಜಲೀಸಿನ ಜೆಮಿನಿ ಜಿ.ಇ.ಎಲ್. ಅಚ್ಚುಮನೆಯಲ್ಲಿ ಕೆಥೆಡ್ರಲ್ಲಿನ ಜೊತೆಗೆ ಮೊನೆಯ ಇನ್ನೊಂದು ಸರಣಿಯ ಬಣವೆಗಳೂ ಚುಕ್ಕಿಗಳಾಗಿ ಅಚ್ಚಾದವು. ಲಿಕ್ಟೆನ್‌ಸ್ಟೈನ್‌ನಂಥವರ ಪಾಪ್ ಆರ್ಟ್ ಎಂದರೆ ಹಳೆಯದರ ಅಣಕ ಎನ್ನುವವರಿದ್ದಾರೆ. ಇವುಗಳ ಮುಂದೆ ನಿಂತ ಮೇಲೆ ನನಗೆ ಆ ಮಾತು ರುಚಿಸುವುದಿಲ್ಲ. ಬೆಳಗ್ಗೆ ಮೊನೆಯ ಒರಟು ಗೀಟುಗಳನ್ನು ಕಮಾನಾಗಿ ಕೂಡಿಸಿದ್ದು ನನ್ನ ಕಣ್ಣು. ಈಗ ಚುಕ್ಕಿಗಳನ್ನು ಕೂಡಿಸಿದ್ದೂ ಅದೇ ಕಣ್ಣು. ಲಿಕ್ಟೆನ್‌ಸ್ಟೈನ್ ಮೊನೆಯನ್ನು ಬಲು ಶ್ರದ್ಧೆಯಿಂದ ಓದಿಕೊಂಡಿದ್ದಾನೆ. ಕನಸಿನಲ್ಲಿ ಬೆದರಿಸಿದ ಆ ಬಣ್ಣದ ಕೆಥೆಡ್ರಲ್ಲನ್ನು ಹಗಲು ಹೊತ್ತಿನಲ್ಲೇ ಎಬ್ಬಿಸಿ ನಿಲ್ಲಿಸಿದ್ದಾನೆ ಅನ್ನಿಸುತ್ತದೆ.

ಒಂದು ವ್ಯತ್ಯಾಸ ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಗೆಟ್ಟಿಯಲ್ಲೂ ಮಾಡಿನಿಂದ ಸೂರ್ಯನ ಬೆಳಕೇ. ಮೋಡ ಹಾಯ್ದಾಗ ಅಲ್ಲಿ ಮೊನೆಯ ಗೋಪುರ ಒಂದು ಗಳಿಗೆ ಕಂದಿ ಮತ್ತೆ ಕಳೆಗೂಡಿತ್ತು. ಇಲ್ಲಿ ಚುಕ್ಕಿಗಳು ಮೋಡಕ್ಕೆ ಜಗ್ಗುವುದಿಲ್ಲ. ನಾವು ಸರಿದರಷ್ಟೇ ಅವು ಸರಿಯುತ್ತವೆ. ಹಾಗಾಗಿ ಈ ಕೋಣೆಯಲ್ಲಿ ಯಾರೂ ಸುಮ್ಮನೆ ನಿಂತಿಲ್ಲ. ಮಕ್ಕಳು ಮುಂದಕ್ಕೆ ಓಡಿ ಹಿಂದಕ್ಕೆ ಬರುತ್ತಿದ್ದಾರೆ, ಒಬ್ಬ ಮುದುಕ ಕನ್ನಡಕ ತೆಗೆದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾನೆ.

"ಮೂರರಲ್ಲಿ ಬೆಳಗಿನದು ಯಾವುದು ಮಾಮ?"

ನಾನು ಎಡಗಡೆಯದನ್ನು ತೋರಿಸುತ್ತೇನೆ. ಅವಳು ಒಪ್ಪುವುದಿಲ್ಲ. ಬೆಳಗ್ಗೆ ಕಂಡ ಹೊಂಬಣ್ಣವನ್ನು ಸಾಕ್ಷಿಗೆ ಕರೆದು ವಾದ ಹೂಡುತ್ತಾಳೆ. ಇಬ್ಬರೂ ಮತ್ತೆ ಗೋಡೆಯವರೆಗೆ ಹಿಂದೆ ನಡೆಯುತ್ತೇವೆ.