ಹೆಬ್ಬೆರಳಿನ ಭಾಗ್ಯ

ದ್ರೋಣಾಚಾರ್ಯರು ಏಕಲವ್ಯನಿಂದ ಹೆಬ್ಬೆರಳನ್ನೇ ಏಕೆ ಬೇಡಿದರೆಂಬುದು ಬಿಲ್ಲು ಹಿಡಿದವರಿಗೆ ಗೊತ್ತು. ಈ ಕಾಲದಲ್ಲಿ ಅದು ವಿಡಿಯೋ ಗೇಮ್ ಆಡುವ ಹುಡುಗರಿಗೂ ಗೊತ್ತು. ಇವರಲ್ಲಿ ಎರಡು ಪಂಥಗಳುಂಟು. ಒಂದು ಪಂಥದವರು ಎಡಗೈಯನ್ನು ಕೀಲಿಮಣೆಯ ಮೇಲೆ, ಬಲಗೈಯನ್ನು ಮೌಸಿನ ಮೇಲೆ ಇಟ್ಟು ಆಡತಕ್ಕವರು. ಇನ್ನೊಂದು ಪಂಥದವರು ಕಂಟ್ರೋಲರ್ ಎಂಬ ಸಾಧನವನ್ನು ಎರಡು ಅಂಗೈಗಳಲ್ಲಿ ಹಿಡಿದು, ಬಹುಮಟ್ಟಿಗೆ ಹೆಬ್ಬೆರಳುಗಳಿಂದಲೇ ಆಡತಕ್ಕವರು. ದ್ವೈತಾದ್ವೈತಗಳ ವಾದವಾದರೂ ಎಂದಾದರೊಂದು ದಿನ ಮುಗಿದೀತು. ಇವರದು ಮುಗಿಯುವಂತೆ ಕಾಣದು.

ನನ್ನ ಅಕ್ಕನ ಮನೆ ಪೀಣ್ಯದ ಬಳಿ. ಭಾವನವರು ಅಲ್ಲಿಯ ಸಣ್ಣ ಕಾರ್ಖಾನೆಗಳಲ್ಲಿ ಮೂವತ್ತು ವರ್ಷ ಯಂತ್ರಗಳ ಮುಂದೆ ನಿಂತವರು. ಅವರ ಮಗ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಯೊಂದರಲ್ಲಿ ಕುಳಿತು ದುಡಿಯುವವನು. ಒಂದು ಊರಿನ ವಾಯವ್ಯ, ಇನ್ನೊಂದು ಆಗ್ನೇಯ. ೨೦೨೫ರ ಆಗಸ್ಟಿನಲ್ಲಿ ಮೆಟ್ರೋದ ಹಳದಿ ಮಾರ್ಗ ತೆರೆದ ಮೇಲೆ, ಆರ್.ವಿ. ರಸ್ತೆಯಲ್ಲಿ ಒಮ್ಮೆ ರೈಲು ಬದಲಾಯಿಸಿದರೆ ಸಾಕು, ಈ ದಿಕ್ಕಿನಿಂದ ಆ ದಿಕ್ಕಿಗೆ ಹೋಗಬಹುದು. ತಂದೆ ಮಗನ ಮಾತು ಮಾತ್ರ "ಊಟವಾಯಿತೇ?" ಎಂಬಲ್ಲಿಯೇ ನಿಲ್ಲುತ್ತಿತ್ತು.

ಒಂದು ಭಾನುವಾರ ಅಳಿಯನು ನನಗೆ ತನ್ನ ಪಂಥದ ಹಿರಿಮೆಯನ್ನು ಬೋಧಿಸುತ್ತಿದ್ದ. "ಗುರಿ ಹಿಡಿಯುವ ಆಟಕ್ಕೆ ಮೌಸಿನ ಸಮ ಯಾವುದೂ ಇಲ್ಲ, ಮಾವ. ಕೈ ಎಷ್ಟು ಸರಿಯಿತೋ ಪರದೆಯ ಮೇಲಿನ ಗುರಿಯೂ ಅದೇ ಲೆಕ್ಕಕ್ಕೆ ಸರಿಯುತ್ತದೆ. ಕಂಟ್ರೋಲರಿನ ಪುಟ್ಟ ಕೋಲು ಹಾಗಲ್ಲ. ಬಾಗಿಸಿದಷ್ಟು ವೇಗ, ಬಿಟ್ಟರೆ ನಿಲುಗಡೆ. ಅದಕ್ಕೇ ಕೋಲಿನವರಿಗೆ ಎಷ್ಟೋ ಆಟಗಳು ತಾವಾಗಿಯೇ ಗುರಿ ಹಿಡಿಯಲು ಸಹಾಯ ಮಾಡುತ್ತವೆ."

ಪತ್ರಿಕೆಯ ಮರೆಯಲ್ಲಿದ್ದ ಭಾವನವರು ಅಲ್ಲಿಂದಲೇ ನುಡಿದರು: "ಅಂದರೆ ನಿನ್ನ ಮೌಸು ಲೇತಿನ ಹ್ಯಾಂಡ್‌ವೀಲ್ ಇದ್ದ ಹಾಗೆ ಕಣೋ, ತಿರುಗಿಸಿದಷ್ಟೇ ಹೋಗುತ್ತದೆ. ಆ ಕೋಲು ಕ್ರೇನಿನ ಗುಂಡಿ; ಒತ್ತಿರುವವರೆಗೆ ಹೋಗುತ್ತಲೇ ಇರುತ್ತದೆ."

ಹುಡುಗ ಬೆರಗಾದ. "ಬಾ ಅಪ್ಪ, ನೀನೇ ಆಡಿ ನೋಡು" ಎಂದು ಕುರ್ಚಿ ಎಳೆದ. ಭಾವನವರ ಬಲಗೈ ಮೌಸಿನ ಮೇಲೆ ಹೋಯಿತು. ಎಡಗೈ ಜೇಬಿನಿಂದ ಹೊರಬರಲಿಲ್ಲ.

ಕೀಲಿಮಣೆಯಲ್ಲಿ ಆಡುವವರು ಡಬ್ಲ್ಯೂ, ಎ, ಎಸ್, ಡಿ ಎಂಬ ನಾಲ್ಕು ಕೀಲಿಗಳಿಂದ ನಡೆಯುತ್ತಾರೆ. ಎ ಉಂಗುರದ ಬೆರಳಿನದು, ಡಬ್ಲ್ಯೂ, ಎಸ್ ನಡುಬೆರಳಿನವು, ಡಿ ತೋರುಬೆರಳಿನದು. ಭಾವನವರ ಎಡಗೈಯ ನಡುಬೆರಳನ್ನೂ ಉಂಗುರದ ಬೆರಳನ್ನೂ ಬಹಳ ಹಿಂದೆಯೇ ಒಂದು ಪವರ್ ಪ್ರೆಸ್ಸು ಕೊಂಡೊಯ್ದಿತ್ತು. ಅಂದಿನಿಂದ ಆ ಕೈಯನ್ನು ಅವರು ನಾಲ್ಕು ಜನರ ಮುಂದೆ ತೋರಿಸಿದವರಲ್ಲ.

ಅಳಿಯನು ಏನೂ ಆಡಲಿಲ್ಲ. ಮುಂದಿನ ವಾರ ಒಂದು ಕನ್ಸೋಲನ್ನೂ ಎರಡು ಕಂಟ್ರೋಲರುಗಳನ್ನೂ ತಂದು ನಡುಮನೆಯ ಟಿ.ವಿ.ಗೆ ಜೋಡಿಸಿದ. ಕಾರಿನ ಪಂದ್ಯ. ಎಡ ಹೆಬ್ಬೆರಳು ಕಾರನ್ನು ತಿರುಗಿಸಬೇಕು. ಎಡ ತೋರುಬೆರಳು ಬ್ರೇಕು ಹಿಡಿಯಬೇಕು. ದೈವವು ಉಳಿಸಿದ್ದೂ ಆ ಬೆರಳುಗಳನ್ನೇ! ಕೀಲಿಯಾದರೆ ಒತ್ತಿದೆ, ಇಲ್ಲವೇ ಒತ್ತಿಲ್ಲ. ನಡುವೆ ಏನೂ ಇಲ್ಲ. ಕಂಟ್ರೋಲರಿನ ಕುದುರೆಯಾದರೋ ಅರ್ಧ ಒತ್ತಿದರೆ ಅರ್ಧ ಬ್ರೇಕು. ಆ ನಯವನ್ನು ಮೂವತ್ತು ವರ್ಷ ಕಬ್ಬಿಣ ಪಳಗಿಸಿದ ಕೈಗೆ ಕಲಿಸಬೇಕೆ? ಮೂರನೆಯ ಭಾನುವಾರ ಮಗ ಸೋತ. ಬೇಕೆಂದೇ ಸೋತೆಯೇನೋ ಎಂದು ಕೇಳಿದೆ. "ಇಲ್ಲ ಮಾವ, ಅಪ್ಪನ ಹಾಗೆ ತಿರುವಿನಲ್ಲಿ ಬ್ರೇಕು ಹಿಡಿಯಲು ನನಗೆ ಬರುವುದಿಲ್ಲ" ಎಂದ.

ಡಗ್ಲಸ್ ಎಂಗಲ್‌ಬರ್ಟ್ ೧೯೬೮ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಭೆಯಲ್ಲಿ ಮೌಸನ್ನು ತೋರಿಸಿದಾಗ ಅವರ ಮನಸ್ಸಿನಲ್ಲಿದ್ದುದು ಆಟವಲ್ಲ, ಕಚೇರಿಯ ಕೆಲಸ. ಹೆಬ್ಬೆರಳಿಗೆಂದು ಕೂಡು ಗುರುತಿನ ಗುಂಡಿಯನ್ನು ನಿಂಟೆಂಡೋದ ಗುಂಪೇ ಯೊಕೊಯಿ ರೂಪಿಸಿದ್ದು ಆಟಕ್ಕೆ. ಅದು ೧೯೮೨ರಲ್ಲಿ ಅಂಗೈಯಗಲದ ಆಟಿಕೆಯೊಂದರಲ್ಲಿ ಕಾಣಿಸಿಕೊಂಡಿತು. ೨೦೧೮ರಲ್ಲಿ ಮೈಕ್ರೋಸಾಫ್ಟ್ ಕಂಪನಿಯು ಅಂಗವೈಕಲ್ಯವುಳ್ಳವರಿಗಾಗಿಯೇ ಎರಡು ದೊಡ್ಡ ಗುಂಡಿಗಳ ಕಂಟ್ರೋಲರನ್ನು ಹೊರತಂದಿತು. ಕಾಲಿಗೋ ಮೊಣಕೈಗೋ ಬೇಕಾದ ಸ್ವಿಚ್ಚುಗಳನ್ನು ಅದಕ್ಕೆ ಸೇರಿಸಿಕೊಳ್ಳಬಹುದು.

ಹೀಗಿರುವಲ್ಲಿ ಯಾವುದು ಮೇಲು ಎಂದು ನನ್ನನ್ನು ಕೇಳಿದರೆ, ಯಾರ ಕೈಗೆ ಎಂದು ತಿರುಗಿ ಕೇಳುತ್ತೇನೆ. ಗುರಿ ಹಿಡಿಯುವ ಆಟದಲ್ಲಿ ಅಳಿಯನು ಇಂದಿಗೂ ಮೌಸನ್ನು ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಆದರೆ ಭಾನುವಾರ ಸಂಜೆ ಆ ಮನೆಗೆ ನೆರೆಯವರು ಬಂದರೂ ಭಾವನವರ ಎರಡು ಕೈಗಳೂ ಈಗ ಬೆಳಕಿನಲ್ಲಿಯೇ ಇರುತ್ತವೆ.