ಮಾಳಿಗೆಯಿಂದ ಮಾಳಿಗೆಗೆ

ಟವರಿನ ಹಂಗಿಲ್ಲದೆಯೂ ಒಂದು ಯಂತ್ರ ಇನ್ನೊಂದರ ಕೈಯಲ್ಲಿ ಸುದ್ದಿ ಕೊಟ್ಟು ಕಳಿಸಬಲ್ಲದು ಎಂಬುದು ಎಂಜಿನಿಯರಿಂಗ್ ಓದಿದ ಮಗಳಿಂದ ನನಗೆ ತಿಳಿದ ಸಂಗತಿ. ನಡುವೆ ಯಜಮಾನನಿಲ್ಲ, ಎಳೆದಿಟ್ಟ ತಂತಿಯಿಲ್ಲ. ಪಕ್ಕದ್ದು ತನ್ನ ಪಕ್ಕದ್ದಕ್ಕೆ, ಅದು ಮತ್ತೊಂದಕ್ಕೆ ದಾಟಿಸುತ್ತ ಹೋಗುತ್ತದೆ. ಇದಕ್ಕೆ 'ಅಡ್ ಹಾಕ್ ನೆಟ್‌ವರ್ಕ್' ಎಂದು ಹೆಸರು. ಅಮೆರಿಕದ ರಕ್ಷಣಾ ಇಲಾಖೆ 1970ರ ದಶಕದಲ್ಲೇ ಇಂಥ ಪ್ರಯೋಗಕ್ಕೆ ಹಣ ಹಾಕಿತ್ತಂತೆ. ಕೇಳಿ ನನಗೆ ನಗು ಬಂತು. ಹಮ್ಮಿಗಿಯ ಹೆಣ್ಣುಮಕ್ಕಳಿಗೆ ಇದೇನು ಹೊಸದೇ?

ನಾನು ಚಿಕ್ಕವಳಿದ್ದಾಗ ನಮ್ಮ ಓಣಿಯದೆಲ್ಲ ಮಣ್ಣಿನ ಮಾಳಿಗೆ ಮನೆಗಳು. ಒಂದು ಸುಗ್ಗಿಯ ರಾತ್ರಿ ಚಿಗವ್ವನಿಗೆ ಬೇನೆ ಶುರುವಾದವು. "ಕೂಸು ಅಡ್ಡ ಐತಿ, ನನ್ನ ಕೈಲೆ ಆಗೂದಿಲ್ಲ, ಮುಂಡರಗಿ ದವಾಖಾನಿಗೆ ಒಯ್ರಿ" ಎಂದಳು ಸೂಲಗಿತ್ತಿ. ಗಂಡಸರು ಕಣ ಕಾಯಲು ಹೋಗಿದ್ದರು. ಟ್ರ್ಯಾಕ್ಟರ್ ಇದ್ದದ್ದು ಊರಿನ ಆಚೆ ತುದಿಯ ಮನೆಯಲ್ಲಿ. ಅವ್ವ ಮಾಳಿಗೆ ಏರಿದಳು. ನೇರ ದಾರಿಯಲ್ಲಿ ಎರಡೇ ಮನೆ, ಆದರೆ ಅಲ್ಲಿಯವರದು ಕುಂಭಕರ್ಣನ ನಿದ್ದೆ. ಅವ್ವ ಅತ್ತ ಕೂಗಲೇ ಇಲ್ಲ. ಬಲಕ್ಕೆ ತಿರುಗಿ, ಬಾಯಿಗೆ ಎರಡೂ ಕೈ ಅಡ್ಡ ಹಿಡಿದು, ಬಾಣಂತಿ ಎಚ್ಚರವಿರುವ ಮನೆಯತ್ತ ಕೂಗಿದಳು: "ಯಕ್ಕಾ, ಬ್ಯಾನಿ ಎದ್ದಾವು, ಟ್ರ್ಯಾಕ್ಟರ್ ಬೇಕಾಗೇತಿ!" ಅಲ್ಲಿಂದ ರಾತ್ರಿಯೆಲ್ಲ ಕೆಮ್ಮುವ ಮುದುಕಿಯ ಮನೆಗೆ, ಅಲ್ಲಿಂದ ನಸುಕಿಗೆ ಮೊದಲೇ ಬೀಸಲು ಕೂಡುವವಳ ಮನೆಗೆ. ಸುತ್ತು ದಾರಿಯಾದರೂ ಸುದ್ದಿ ತಡವಿಲ್ಲದೆ ಮುಟ್ಟಿತು. ತಾಯಿಯೂ ಉಳಿದಳು, ಕೂಸೂ ಉಳಿಯಿತು.

ಹತ್ತಿರದ ದಾರಿಯೇ ಒಳ್ಳೆಯ ದಾರಿಯಲ್ಲ, ಹೊತ್ತಿಗೆ ಸರಿಯಾಗಿ ಮುಟ್ಟಿಸುವ ದಾರಿಯೇ ಒಳ್ಳೆಯದು ಎಂಬ ಈ ಲೆಕ್ಕಕ್ಕೆ ಈಗಿನವರು 'ಕ್ವಾಲಿಟಿ ಆಫ್ ಸರ್ವಿಸ್' ಎನ್ನುತ್ತಾರೆ. ಪತ್ರ ತಡವಾದರೆ ನಡೆದೀತು, ಆಡುವ ಮಾತು ನಡುವೆ ತುಂಡಾದರೆ ನಡೆಯದು. 2000ರ ದಶಕದ ನಡುವಿನಲ್ಲಿ ತಮಿಳುನಾಡಿನ ಥೇನಿಯ ಅರವಿಂದ ಕಣ್ಣಿನ ಆಸ್ಪತ್ರೆ, ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರ ನೆರವಿನಿಂದ, ಸುತ್ತಲಿನ ಊರುಗಳ ಕಣ್ಣಿನ ಕೇಂದ್ರಗಳಿಗೆ ನಿಸ್ತಂತು ಸಂಪರ್ಕ ಕಟ್ಟಿತು. ವೈದ್ಯರು ಅಲ್ಲೇ ಕುಳಿತು ದೂರದ ರೋಗಿಯೊಡನೆ ವಿಡಿಯೊದಲ್ಲಿ ಮಾತಾಡಿದರು. ದಿನದ ಕೂಲಿ ಬಿಟ್ಟು ಬಸ್ಸು ಹತ್ತಲಾಗದ ಹೆಣ್ಣುಮಕ್ಕಳಿಗೆ ಅದೆಷ್ಟು ದೊಡ್ಡ ಉಪಕಾರ!

ಅಲ್ಲಿ ಬಳಸಿದ್ದು ಒಂದೇ ದಿಕ್ಕಿಗೆ ಮುಖ ಮಾಡಿದ ಆಂಟೆನಾಗಳು. ನಮ್ಮ ಮಾಳಿಗೆಗಳ ಮೇಲೂ ಟಿ.ವಿ.ಗಾಗಿ ಅಂಥದೊಂದು ನಿಂತಿತ್ತಲ್ಲ, ಮೀನಿನ ಮುಳ್ಳಿನ ಹಾಗೆ? 1926ರಲ್ಲಿ ಜಪಾನಿನ ಯಾಗಿ ಮತ್ತು ಉಡಾ ಎಂಬುವರು ಲೋಕಕ್ಕೆ ತಿಳಿಸಿದ್ದು ಅದು. "ಬಂತೇನ?" "ಇಲ್ಲೋ, ಇನ್ನೊಂಚೂರು ತಿರುವು!" ಎಂಬ ಕೂಗಾಟ ಮರೆತ ಮನೆಯುಂಟೇ? ದಿಕ್ಕು ಹಿಡಿದರೆ ದನಿ ದೂರ ಹೋಗುತ್ತದೆ, ಅಕ್ಕಪಕ್ಕದವರ ನಿದ್ದೆಯೂ ಕೆಡುವುದಿಲ್ಲ. ಅವ್ವನ ಅಡ್ಡಗೈಯ ಗುಟ್ಟೂ ಅದೇ.

ಆದರೆ ಅದಕ್ಕೊಂದು ಕಾಯಿಲೆಯಿದೆ. ಒಂದು ದಿಕ್ಕಿಗೆ ಮುಖ ಮಾಡಿದ್ದಕ್ಕೆ ಬೆನ್ನ ಹಿಂದಿನ ಕರೆ ಕೇಳಿಸುವುದಿಲ್ಲ. ಕರೆದದ್ದು ಕರೆದು ಕರೆದು ಸೋತು, ಅಲ್ಲಿ ಯಾರೂ ಇಲ್ಲವೆಂದು ತಿಳಿದು ಸುಮ್ಮನಾಗುತ್ತದೆ. 2004ರಲ್ಲಿ ರೋಮಿತ್ ರಾಯ್ ಚೌಧುರಿ ಮತ್ತು ನಿತಿನ್ ವೈದ್ಯ ಈ ಕುರಿತು ಬರೆದ ಪ್ರಬಂಧದಲ್ಲಿ ಇದನ್ನು 'ಕಿವುಡು' ಎಂದೇ ಕರೆದರು. ಎಂಥ ಸರಿಯಾದ ಮಾತು! ಅಡಿಗೆಮನೆಯ ಕಡೆ ತಿರುಗಿದವಳಿಗೆ ಪಡಸಾಲೆಯ ಅತ್ತೆಯ ದನಿ ಕೇಳುವುದಿಲ್ಲ. ಫೋನಿಗೆ ಮುಖ ಕೊಟ್ಟ ಮಗನಿಗೆ ತಾಯಿಯ ದನಿ ಕೇಳುವುದಿಲ್ಲ. ತರಗತಿಯಲ್ಲಿ ಮುಂದಿನ ಸಾಲಿಗೇ ಪಾಠ ಹೇಳುವ ಶಿಕ್ಷಕರಿಗೆ ಹಿಂದಿನ ಬೆಂಚಿನ ಹುಡುಗಿ ಕೈಯೆತ್ತಿದ್ದು ಕಾಣುವುದಿಲ್ಲ. ಎರಡು ಸಲ ಎತ್ತಿ ಮೂರನೆಯ ಸಲ ಆಕೆ ಎತ್ತುವುದಿಲ್ಲ.

ಇನ್ನೂ ಒಂದು ಮಾತನ್ನು ಮಗಳು ಹೇಳಿದಳು. ಬೇರೆಯವರ ಸುದ್ದಿ ದಾಟಿಸಲು ಪ್ರತಿ ಯಂತ್ರವೂ ತನ್ನ ಬ್ಯಾಟರಿ ಸುಡಬೇಕು. ತನ್ನದು ಉಳಿದರೆ ಸಾಕೆಂದು ಒಂದೊಂದೇ ಸುಮ್ಮನಾದರೆ ಜಾಲವೇ ಹರಿದುಹೋಗುತ್ತದೆ. ಆ ರಾತ್ರಿ ಬಾಣಂತಿ, ಮುದುಕಿ, ಬೀಸುವವಳು ಮೂವರೂ ದಣಿದವರೇ. ಚಿಗವ್ವ ಅವರಿಗೆ ಬಳಗವೂ ಅಲ್ಲ. ಆದರೂ ಎದ್ದು ಕೂಗಿದರು.

ಈಗ ಊರ ಮುಂದಿನ ಹೊಳೆಗೆ ಸಿಂಗಟಾಲೂರು ಯೋಜನೆಯ ಬ್ಯಾರೇಜು ಬಂದಿದೆ, ಕೈಗೆ ಫೋನು ಬಂದಿದೆ, 108 ಇದೆ. ಇವೆಲ್ಲ ಬೇಕು, ಇರಲಿ. ಆದರೆ ಮಳೆಗಾಳಿಗೆ ಕರೆಂಟು ಹೋಗಿ ಸಿಗ್ನಲ್ಲೂ ಸತ್ತ ರಾತ್ರಿ, ಪಕ್ಕದ ಮನೆಯಲ್ಲಿ ಎಚ್ಚರವಿರುವವರು ಯಾರು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?