ಒಂಬತ್ತಾದ ಮೇಲೆ ಯಾರೂ ಫೋನ್ ಎತ್ತಲ್ಲ

ನಮ್ಮೂರು ಸಿರುಗುಪ್ಪ, ಓದು ಬಳ್ಳಾರಿಯಲ್ಲಿ. ಹೋದ ವರ್ಷ ತಂಗಿ ಇನ್‌ಸ್ಟಾಗ್ರಾಮ್ ಖಾತೆ ತೆರೆದದ್ದು ಗೊತ್ತಾಗಿ ಅಪ್ಪ ಹಾಸ್ಟೆಲಿಗೆ ಫೋನ್ ಮಾಡಿದ್ರು: "ನೀನು ಕಂಪ್ಯೂಟರ್ ಓದೋನು, ಏನಾದ್ರೂ ಮಾಡು." ಊರಿಗೆ ಹೋಗಿ ಅವಳ ಮೊಬೈಲಿನಲ್ಲಿ ದಿನಕ್ಕೆ 30 ನಿಮಿಷದ ಮಿತಿ ಹಾಕಿ ಬಂದೆ. ಅವಳನ್ನ ಒಂದು ಮಾತೂ ಕೇಳಲಿಲ್ಲ. ಅವಳು ನನ್ನ ಜೊತೆ ಮಾತು ಬಿಟ್ಟಳು.

ಇನ್‌ಸ್ಟಾಗ್ರಾಮ್ ಪ್ರಕಾರ ಖಾತೆ ತೆರೆಯಲು 13 ಸಾಕು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ 18ರವರೆಗೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತೆ. ಅದೇ ವರ್ಷ ನಮ್ಮ ಹೈಕೋರ್ಟ್ ವಿಚಾರಣೆಯೊಂದರಲ್ಲಿ 21ರ ಮಾತೂ ಬಂದಿತ್ತು. ತಂಗಿಗೆ 14. 21 ಅಂದ್ರೆ ನಾನೂ ಪಾಸಾಗಲ್ಲ, ನನಗಿನ್ನೂ 20.

ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಗೆ ಅತ್ತೆ ಮನೆಗೆ ಹೋಗಿದ್ವಿ. ಎದುರಿಗೆ ತೇರು ಸಾಗ್ತಿತ್ತು, ನಾನು ರೀಲ್ ನೋಡ್ತಿದ್ದೆ. "ನಿಂಗೆ ಎಷ್ಟು ನಿಮಿಷ ಇಟ್ಟಾರಣ್ಣ?" ಅಂದಳು. ಸೆಟ್ಟಿಂಗ್ಸ್ ತೆಗೆದು ತೋರಿಸಿದೆ. ಸಂಜೆಯೊಳಗೇ 5 ಗಂಟೆ 12 ನಿಮಿಷ. ಅವಳು ನಗಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಮಿತಿ ತೆಗೆಯಲಿಲ್ಲ. ಈ ಸಲ ಅವಳನ್ನೂ ಕೂರಿಸ್ಕೊಂಡು ಮಾತಾಡಿ 45 ನಿಮಿಷಕ್ಕೆ ಒಪ್ಪಿದ್ವಿ. ಅವಳದೊಂದು ಷರತ್ತು: ರಾತ್ರಿ ಒಂಬತ್ತಕ್ಕೆ ಮನೆಯವರೆಲ್ಲರ ಫೋನೂ ಅಡುಗೆಮನೆ ಶೆಲ್ಫಿನ ಮೇಲೆ. ವಾಟ್ಸಾಪ್ ಗ್ರೂಪು, ಭತ್ತದ ರೇಟು ಅಂತ ಅಪ್ಪ ಒಂದು ವಾರ ಗೊಣಗಿದ್ರು. ಈಗ ಅವರೇ ಮೊದಲು ಇಡ್ತಾರೆ.

ಹಾಸ್ಟೆಲಿನಲ್ಲಿ ನನ್ನ ಫೋನ್ ಇಸ್ಕೊಳ್ಳೋರು ಯಾರೂ ಇಲ್ಲ. ಕೆಲವು ರಾತ್ರಿ ನಾನೇ ದೂರ ಇಡ್ತೀನಿ, ಕೆಲವು ರಾತ್ರಿ ಆಗಲ್ಲ. ಒಂಬತ್ತಾದ ಮೇಲೆ ಮನೆಗೆ ಕಾಲ್ ಮಾಡಿದ್ರೆ ಯಾರೂ ಎತ್ತಲ್ಲ. ಬೆಳಿಗ್ಗೆ ತಂಗಿನೇ ಮಾಡ್ತಾಳೆ: "ರಾತ್ರಿ ಎಷ್ಟೊತ್ತಿಗೆ ಮಲಗಿದೆಣ್ಣ?"